ಮಧ್ಯಾಹ್ನಕ್ಕೆ ಸೋಲುವ ದನಿ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಮ್ಮ ಅಂತಲೇ ಕರೆಯುತ್ತಿದ್ದರು. ವಿಚಾರಣೆ ಕೌಂಟರಿನ ಹಿಂದಿನ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಎಷ್ಟು ಗಂಟೆಗೆ ಹೊರಡುತ್ತದೆ ಅಂತ ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಮೈಕು. ಹಾರನ್ನುಗಳ ಅಬ್ಬರ, ಕಂಡಕ್ಟರುಗಳ ಕೂಗು, ಕೂಸುಗಳ ರಂಪ ಎಲ್ಲದರ ನಡುವೆಯೂ ಅವಳ ಮಾತು ಅಕ್ಷರ ಅಕ್ಷರವಾಗಿ ಬಿಡಿಸಿ ಕೇಳುತ್ತಿತ್ತು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಸ್ವಲ್ಪ ಜಂಬ. ಇದ್ದರೆ ತಪ್ಪೇನಿಲ್ಲ.

ಆ ದನಿ ಕೈಕೊಟ್ಟದ್ದು ಒಂದು ಮಂಗಳವಾರ, ಮಧ್ಯಾಹ್ನ ಮೂರರ ಮೇಲೆ. ಎಪ್ಪತ್ತೆರಡನೇ ನಂಬರಿನ ಬಸ್ಸು ಹೊರಡಲು ಸಿದ್ಧವಾಗಿದೆ ಅಂತ ಹೇಳಿದಳು. ಮಾತು ಪೂರ್ತಿ ಮೂಗಿನಿಂದ ಬಂದು, ಸ್ಪೀಕರಿನಲ್ಲಿ ಕೇಳಿಸಿದ್ದು ಎಂಬತ್ತೆರಡು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದಳು. ಮತ್ತೆ ಎಂಬತ್ತೆರಡು. ಐದು ಜನರ ಒಂದು ಕುಟುಂಬ ಪೆಟ್ಟಿಗೆ ಪಟಾರಿ ಸಮೇತ ಎಂಬತ್ತೆರಡನ್ನು ಹತ್ತಿ, ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ ನಲವತ್ತು ಕಿಲೋಮೀಟರು ಹೋಯಿತು. ಮಾರನೇ ದಿನ ಆ ಮನೆಯ ಯಜಮಾನ ಬಂದು ದೂರು ಬರೆದುಕೊಟ್ಟ: "ನಿಮ್ಮಲ್ಲಿ ಕುಡಿದು ಮೈಕಿನ ಮುಂದೆ ಕೂರುತ್ತಾರೆ."

ನಿಲ್ದಾಣದ ಮೇಲ್ವಿಚಾರಕರು ಒಳ್ಳೆಯ ಮನುಷ್ಯ, ಆದರೆ ನೇರ ಕೇಳುವ ಧೈರ್ಯವಿಲ್ಲ. ಗಾಜಿನ ಕೋಣೆಗೆ ಬಂದು, ವೇಳಾಪಟ್ಟಿ ನೋಡುವವರ ಹಾಗೆ ಬಗ್ಗಿ, ಮೂಗರಳಿಸಿದರು.

"ಇನ್ನೂ ಹತ್ತಿರ ಬನ್ನಿ ಸಾರ್," ಅಂದಳು ಮೈಕಮ್ಮ. "ಸಂಕೋಚ ಬೇಡ, ಸರಿಯಾಗಿ ಮೂಸಿ ನೋಡಿ."

"ಛೆ, ಹಾಗಲ್ಲಮ್ಮ. ಸುಸ್ತಾಗಿರಬೇಕು. ಎರಡು ದಿನ ರಜೆ ಹಾಕಿ."

ಎರಡು ದಿನ ಮನೆಯಲ್ಲಿ ಬಿದ್ದುಕೊಂಡು ಬಂದಳು. ದನಿ ಮೊದಲಿನ ಹಾಗೇ ಆಗಿತ್ತು. "ನೋಡಿದ್ರಾ, ನಾನು ಹೇಳಲಿಲ್ವಾ?" ಅಂತ ಮೇಲ್ವಿಚಾರಕರು ಬೀಗಿದರು. ಮಧ್ಯಾಹ್ನ ಮೂರಕ್ಕೆ ಮತ್ತೆ ಮೂಗು ಮಾತಾಡತೊಡಗಿತು.

ಅಷ್ಟು ಹೊತ್ತಿಗೆ ಕಣ್ಣೂ ತಕರಾರು ತೆಗೆದಿತ್ತು. ಸಂಜೆ ಮನೆಗೆ ಬಂದರೆ ಒಂದು ನಲ್ಲಿ ಎರಡಾಗಿ ಕಾಣುತ್ತಿತ್ತು, ಯಾವುದನ್ನು ತಿರುಗಿಸಬೇಕೋ ತಿಳಿಯುತ್ತಿರಲಿಲ್ಲ. ಅವಳ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ಊರಿಗೆಲ್ಲ ಕಣ್ಣು ಕೊಡುವವನ ಹೆಂಡತಿಗೆ ಕಣ್ಣು ಸರಿಯಿಲ್ಲ ಅಂದರೆ ಅವನಿಗೆ ಅವಮಾನ. ಭಾನುವಾರ ಬೆಳಿಗ್ಗೆ ಅಂಗಡಿಗೆ ಕರೆದುಕೊಂಡು ಹೋಗಿ, ತಾನೇ ಪರೀಕ್ಷೆ ಮಾಡಿಸಿ, ತಾನೇ ಉಜ್ಜಿ, ಕನ್ನಡಕ ಕೊಟ್ಟ. ಬೆಳಿಗ್ಗೆ ಎಲ್ಲ ಸರಿಯಾಗಿ ಕಂಡಿತು. ಸಂಜೆಗೆ ಎರಡು ನಲ್ಲಿ. ಇನ್ನೊಂದು ಮಾಡಿಕೊಟ್ಟ. ಅದೂ ಹಾಗೇ. ಮೂರನೆಯದನ್ನು ಕೊಡುವಾಗ ಮುಖ ಊದಿಸಿಕೊಂಡಿದ್ದ.

"ಗಾಜಿನಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಮೂರು ಸಲ ಅಳತೆ ನೋಡಿದೀನಿ. ನೀನೇ ಸರಿಯಾಗಿ ನೋಡ್ತಾ ಇಲ್ಲ."

"ಸರಿಯಾಗಿ ನೋಡೋದು ಅಂದ್ರೆ ಹೇಗೆ, ನೀವೇ ತೋರಿಸಿಕೊಡಿ."

"ಬೆಳಿಗ್ಗೆ ನೋಡ್ತೀಯಲ್ಲ, ಹಾಗೆ."

ಅವಳು ಮೂರೂ ಕನ್ನಡಕಗಳನ್ನು ಕಪಾಟಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿಕೊಂಡು ಅಡುಗೆ ಮಾಡಿದಳು.

ಇನ್ನೊಂದು ಕಡೆಯಿಂದ ಅವಳ ಅಕ್ಕ. ಅಕ್ಕ ಶಾಲೆಯಲ್ಲಿ ಆಟದ ಮೇಡಂ ಆಗಿದ್ದು ನಿವೃತ್ತಿಯಾದವಳು, ಎರಡು ಬೀದಿ ಆಚೆ ಮನೆ. ಕೊರಳಿನ ಸೀಟಿ ಹೋದರೂ ದನಿಯಲ್ಲಿ ಸೀಟಿ ಉಳಿದಿತ್ತು. ಜಗತ್ತಿನ ಕಾಯಿಲೆಗಳೆಲ್ಲ ಬೆನ್ನು ಬಗ್ಗಿಸಿ ಕೂರುವುದರಿಂದ ಬರುತ್ತವೆ ಅಂತ ಅವಳ ನಂಬಿಕೆ. ತಂಗಿ ಊಟ ಮಾಡುತ್ತ ಮಾಡುತ್ತ ದವಡೆ ಸೋತು ಗಲ್ಲಕ್ಕೆ ಕೈ ಊರಿದರೆ, "ಏನೇ ಅದು, ತಪಸ್ಸಾ? ನೆಟ್ಟಗೆ ಕೂತು ಅಗಿ," ಅನ್ನುತ್ತಿದ್ದಳು. ಕುಡಿದ ನೀರು ಮೂಗಿನಲ್ಲಿ ಬಂದರೆ, "ಅವಸರ ಜಾಸ್ತಿಯಾಯ್ತು," ಅನ್ನುತ್ತಿದ್ದಳು.

ಡಾಕ್ಟರುಗಳನ್ನು ಕಂಡದ್ದೂ ಆಯಿತು. ಬೀದಿ ಕೊನೆಯ ಕ್ಲಿನಿಕ್ಕಿನವರು ರಕ್ತ ಕಮ್ಮಿ ಅಂದರು. ಕಿವಿ, ಮೂಗು, ಗಂಟಲಿನವರು ಬಾಯಿಯೊಳಗೆ ಟಾರ್ಚು ಬಿಟ್ಟು, ದನಿಪೆಟ್ಟಿಗೆ ಚೆನ್ನಾಗಿದೆ ಅಂದರು. ಮೂರನೆಯವರು ಪೆನ್ನು ಕೆಳಗಿಟ್ಟು, ಮನೆಯಲ್ಲಿ ಎಲ್ಲ ಸುಖವಾಗಿದೆಯಾ ಅಂತ ಮೃದುವಾಗಿ ಕೇಳಿದರು. ಮೂವರ ಹತ್ತಿರವೂ ಅವಳು ಹೋದದ್ದು ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿಯಿಡೀ ನಿದ್ದೆ ಮಾಡಿ ಎದ್ದ ಮೈಯಲ್ಲಿ. ಮೂವರ ಮುಂದೆಯೂ ಅವಳ ದನಿ ಹಾಲಿನ ಹಾಗಿತ್ತು. "ಡಾಕ್ಟ್ರೇ, ನನಗೆ ಮಾತಾಡೋಕೆ ಆಗಲ್ಲ" ಅಂತ ಅಷ್ಟು ಚೆನ್ನಾಗಿ ಹೇಳುವವಳನ್ನು ಯಾರು ನಂಬುತ್ತಾರೆ?

ಮೂರನೆಯವರಲ್ಲಿಗೆ ಹೋಗಿ ಬಂದ ದಿನ ಅವಳು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯೋಚಿಸಿದಳು. ಮಾತಾಡದ ದಿನ ದನಿ ಚೆನ್ನಾಗಿರುತ್ತದೆ. ಮಾತಾಡಿದಷ್ಟೂ ಕೆಡುತ್ತದೆ. ಅಂದರೆ ಕಾಯಿಲೆ ಬರುವುದು ಗಂಟೆ ನೋಡಿಕೊಂಡಲ್ಲ, ಬಳಕೆ ನೋಡಿಕೊಂಡು. ಇಷ್ಟು ಸಣ್ಣ ಮಾತನ್ನು ಯಾರೂ ಹೇಳಲಿಲ್ಲವಲ್ಲ ಅಂತ ಮೈಯೆಲ್ಲ ಉರಿಯಿತು.

ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋಗಿ ಇದನ್ನೇ ಹೇಳಿದಾಗ, ನರಗಳ ಡಾಕ್ಟರನ್ನು ಕಾಣಿ ಅಂದರು. ಅವರು ಸಿಗುವುದು ದೊಡ್ಡ ಆಸ್ಪತ್ರೆಯಲ್ಲಿ, ಅದೂ ಬೆಳಿಗ್ಗೆ ಮಾತ್ರ. ಅವಳಿಗೆ ಸಿಕ್ಕಿದ್ದು ಇಪ್ಪತ್ತಾರನೇ ಟೋಕನ್ನು. ಗಂಡನೂ ಜೊತೆಗಿದ್ದ. ಕಾಯುವ ಕೋಣೆಯ ಕಬ್ಬಿಣದ ಕುರ್ಚಿಯಲ್ಲಿ ಕೂತವಳೇ ಬಾಯಿಪಾಠ ಶುರುಮಾಡಿದಳು: "ಪ್ರಯಾಣಿಕರ ಗಮನಕ್ಕೆ. ಹದಿನಾರನೇ ನಂಬರಿನ ಬಸ್ಸು ಪ್ಲಾಟ್‌ಫಾರಂ ಎರಡರಿಂದ..."

ಗಂಡ ಬೆಚ್ಚಿ ಅವಳ ಮೊಣಕೈ ಹಿಡಿದ. "ಏನು ಮಾಡ್ತಾ ಇದೀಯ? ಎಲ್ಲರೂ ನೋಡ್ತಿದಾರೆ."

"ನೋಡಲಿ. ನನ್ನ ಕಾಯಿಲೆಯನ್ನ ಎಬ್ಬಿಸ್ತಾ ಇದೀನಿ. ಒಳಗೆ ಹೋದಾಗ ಅದು ಮಲಗಿದ್ರೆ ಇವರೂ ನನ್ನನ್ನ ಮನೆಗೆ ಕಳಿಸ್ತಾರೆ."

ಎರಡು ಗಂಟೆ ಹೊತ್ತು ದಿನದ ಬಸ್ಸುಗಳನ್ನೆಲ್ಲ ಹೇಳಿದಳು. ಎದುರು ಕೂತ ಮುದುಕರೊಬ್ಬರು ಒಂದು ಬಸ್ಸಿನ ಹೊತ್ತು ಕೇಳಿ ತಿಳಿದುಕೊಂಡರು. ನರ್ಸು ಬಂದು ಗದರಿದಳು, ಇವಳು ದನಿ ಇಳಿಸಿ ಮುಂದುವರಿಸಿದಳು. ಗಂಡ ಎರಡು ಕುರ್ಚಿ ಆಚೆ ಹೋಗಿ ಕೂತು, ಸಂಬಂಧವಿಲ್ಲದವನ ಹಾಗೆ ಗೋಡೆ ನೋಡಿದ. ಇಪ್ಪತ್ತನಾಲ್ಕನೇ ಟೋಕನ್ನು ಕರೆಯುವಾಗ "ಬಸ್ಸು" ಅನ್ನುವುದು "ಮಸ್ಸು" ಆಯಿತು. ಎಡಗಣ್ಣಿನ ರೆಪ್ಪೆ ಜೋತುಬಿತ್ತು. ಜೀವನದಲ್ಲಿ ಮೊದಲ ಸಲ ಅವಳಿಗೆ ಕಾಯಿಲೆ ಎದ್ದದ್ದಕ್ಕೆ ಸಮಾಧಾನವಾಯಿತು.

ಒಳಗಿದ್ದದ್ದು ಅವಳಿಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಾಲ್ಕು ಮಾತು ಕೇಳಿದ್ದೇ ಬರೆಯುವುದನ್ನು ನಿಲ್ಲಿಸಿದರು. "ಚಾವಣಿ ನೋಡಿ. ನಾನು ಸಾಕು ಅನ್ನೋವರೆಗೆ ಕಣ್ಣು ಇಳಿಸಬೇಡಿ," ಅಂದರು. ಒಂದು ನಿಮಿಷವೂ ಆಗಿರಲಿಲ್ಲ, ಎರಡೂ ರೆಪ್ಪೆಗಳು ತಾವಾಗಿ ಜಾರಿ ಅರ್ಧ ಕಣ್ಣು ಮುಚ್ಚಿದವು. ಆಮೇಲೆ ಕೈಗವಸಿನಲ್ಲಿ ಮಂಜುಗಡ್ಡೆ ತುಂಬಿ ಎಡಗಣ್ಣಿನ ಮೇಲೆ ಎರಡು ನಿಮಿಷ ಇಡಿಸಿದರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು. ಗಂಡ ಬಾಯಿ ತೆರೆದು ನೋಡುತ್ತಿದ್ದ.

ರಕ್ತ ಪರೀಕ್ಷೆಯ ಫಲಿತಾಂಶ ಬರಲು ಹತ್ತು ದಿನ ಹಿಡಿಯಿತು. ಡಾಕ್ಟರಮ್ಮ ಅಂದುಕೊಂಡದ್ದೇ ಆಗಿತ್ತು. ಅವರು ಕಾಯಿಲೆಯ ಉದ್ದನೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು, ಬಿಡಿಸಿ ಹೇಳಿದರು.

"ರೆಪ್ಪೆ ಎತ್ತು, ನಾಲಿಗೆ ಆಡಿಸು ಅಂತ ನರ ಹೇಳುತ್ತೆ. ಆ ಅಪ್ಪಣೆಯನ್ನ ಹಿಡಿದುಕೊಳ್ಳೋ ಜಾಗಗಳು ಸ್ನಾಯುವಿನ ಮೇಲಿರುತ್ವೆ. ಆ ಜಾಗಗಳನ್ನೇ ಶತ್ರು ಅಂದುಕೊಂಡು, ನಿಮ್ಮ ರೋಗನಿರೋಧಕ ಶಕ್ತಿ ಅವುಗಳ ಮೇಲೆ ಬಿದ್ದಿದೆ. ಮೊದಲ ಸ್ವಲ್ಪ ಹೊತ್ತು ಅಪ್ಪಣೆ ತಲುಪುತ್ತೆ. ಮತ್ತೆ ಮತ್ತೆ ಕೆಲಸ ಮಾಡಿಸಿದಾಗ ಸಾಲದೆ ಹೋಗುತ್ತೆ."

"ಅಂದ್ರೆ ನನ್ನ ರೋಗನಿರೋಧಕ ಶಕ್ತಿ ಕಮ್ಮಿಯಾಗಿದೆಯಾ?"

"ಕಮ್ಮಿಯಲ್ಲ. ಜೋರಾಗಿದೆ, ಆದರೆ ದಾರಿ ತಪ್ಪಿದೆ. ಚಿಕ್ಕಂದಿನಿಂದ ಜ್ವರ, ಕೀವು, ಗಾಯ ಎಲ್ಲದರಿಂದ ನಿಮ್ಮನ್ನ ಉಳಿಸಿದ್ದೂ ಅದೇ. ಯಾವುದು ಹೊರಗಿನದು, ಯಾವುದು ನಮ್ಮದು ಅಂತ ಅದು ಗುರುತಿಸಿಕೊಂಡೇ ಇರುತ್ತೆ. ಕೆಲವರಲ್ಲಿ ಒಂದು ವಿಷಯದಲ್ಲಿ ಗುರುತು ತಪ್ಪುತ್ತೆ."

"ನಾನೇನು ಮಾಡಿದ್ದಕ್ಕೆ?"

"ನೀವು ಏನೂ ಮಾಡಿಲ್ಲ."

ಮೈಕಮ್ಮನಿಗೆ ಆ ಉತ್ತರದಿಂದ ಇನ್ನೂ ಸಿಟ್ಟು ಬಂತು. ಏನಾದರೂ ಮಾಡಿದ್ದರೆ ಅದನ್ನು ಬಿಡಬಹುದಿತ್ತು.

ಮಾತ್ರೆಗಳು ಎರಡು ಬಗೆಯವು. ಒಂದನ್ನು ದಿನಕ್ಕೆ ನಾಲ್ಕು ಸಲ ನುಂಗಬೇಕು, ನುಂಗಿದ ಅರ್ಧ ಗಂಟೆಗೆ ದನಿ, ದವಡೆ, ರೆಪ್ಪೆ ಎಲ್ಲ ಎಚ್ಚರಾಗುತ್ತಿದ್ದವು. ಇನ್ನೊಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು, ಫಲ ಕಾಣಲು ತಿಂಗಳುಗಳೇ ಬೇಕು. ಅದನ್ನು ತೆಗೆದುಕೊಳ್ಳುವಷ್ಟು ದಿನ ಸೋಂಕಿಗೆ ಹೆದರಿಕೊಂಡಿರಬೇಕು. ನೆಗಡಿ, ಕೆಮ್ಮು ಇರುವವರನ್ನು ಹತ್ತಿರ ಬಿಡಬಾರದು, ಉಸಿರು ಸಾಲದೆ ಹೋದರೆ ಕೂಡಲೇ ಬರಬೇಕು ಅಂತ ಡಾಕ್ಟರಮ್ಮ ಎರಡು ಸಲ ಹೇಳಿದ್ದರು.

ಗಂಡ ಮೂರೂ ಕನ್ನಡಕಗಳನ್ನು ಸದ್ದಿಲ್ಲದೆ ಅಂಗಡಿಗೆ ಒಯ್ದ. ಕ್ಷಮೆ ಅಂತ ಬಾಯಿಬಿಟ್ಟು ಕೇಳಲಿಲ್ಲ. ಮಾತ್ರೆಯ ಹೊತ್ತಿಗೆ ಅಂಗಡಿಯಿಂದ ಫೋನ್ ಮಾಡುವ ಅಭ್ಯಾಸ ಇಟ್ಟುಕೊಂಡ.

ಅಕ್ಕನಿಗೆ ಮಾತ್ರ ಅರ್ಥ ಮಾಡಿಸಲು ಆಗಲಿಲ್ಲ. ಇಡೀ ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು ರೋಗನಿರೋಧಕ ಶಕ್ತಿ ಅನ್ನುವುದೊಂದೇ. ಎರಡನೇ ದಿನ ಒಂದು ದೊಡ್ಡ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದಳು. ಡಬ್ಬಿಯ ಮೇಲೆ ತೋಳಿನ ಸ್ನಾಯು ಉಬ್ಬಿಸಿ ನಿಂತ ಒಬ್ಬನ ಚಿತ್ರ.

"ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು. ಶಕ್ತಿ ದುಪ್ಪಟ್ಟಾಗುತ್ತೆ."

"ಅಕ್ಕ, ಅದು ಜಾಸ್ತಿಯಾಗಿರೋದೇ ನನ್ನ ಕಾಯಿಲೆ. ಇಳಿಸೋಕೆ ಮಾತ್ರೆ ತಗೋತಿದೀನಿ."

"ಶಕ್ತಿ ಜಾಸ್ತಿಯಾಗಿ ಯಾರಾದ್ರೂ ಮಲಗ್ತಾರೇನೇ? ಮೂವತ್ತು ವರ್ಷ ಮಕ್ಕಳನ್ನ ಓಡಿಸಿದೀನಿ. ಶಕ್ತಿ ಇದ್ದವರು ಓಡ್ತಾರೆ, ಇಲ್ಲದವರು ಬೀಳ್ತಾರೆ."

"ಡಾಕ್ಟರು ಹೇಳಿದ್ದು ಇನ್ನೊಂದು ಸಲ ಹೇಳ್ಲಾ?"

"ಅವರಿಗೇನು ಗೊತ್ತು? ನಿನ್ನನ್ನ ಎತ್ತಿ ಆಡಿಸಿದವಳು ನಾನು."

ಡಬ್ಬಿಯನ್ನು ಮೈಕಮ್ಮ ಮುಟ್ಟಲಿಲ್ಲ. ಆದರೆ ಅಕ್ಕ ದಿನಾ ಬಂದು ಅದು ಎಷ್ಟು ಖಾಲಿಯಾಗಿದೆ ಅಂತ ಮುಚ್ಚಳ ತೆಗೆದು ನೋಡುತ್ತಿದ್ದಳು. ಎರಡನೇ ವಾರದಲ್ಲಿ ಒಂದು ದಿನ ಸೀನುತ್ತ ಬಂದಳು. ಮೈಕಮ್ಮ ಬಾಗಿಲಲ್ಲೇ ತಡೆದಳು.

"ನೆಗಡಿ ಇದ್ದರೆ ಒಳಗೆ ಬರಬೇಡ ಅಂದಿದ್ನಲ್ಲ."

"ಇದು ನೆಗಡಿಯಲ್ಲ, ಧೂಳು," ಅಂದ ಅಕ್ಕ ಅವಳನ್ನು ದಾಟಿಕೊಂಡು ಅಡುಗೆಮನೆಗೆ ಹೋದಳು. ಧೂಳಿನವಳು ಒಂದು ಗಂಟೆ ಹೊತ್ತು ಕೆಮ್ಮುತ್ತ ಕೂತು, ತಂಗಿಯ ಬೆನ್ನು ನೆಟ್ಟಗೆ ಮಾಡಿಸಿ ಹೋದಳು.

ನಾಲ್ಕನೇ ದಿನಕ್ಕೆ ಮೈಕಮ್ಮನಿಗೆ ಜ್ವರ ಬಂತು. ಆರನೇ ದಿನ ಬೆಳಿಗ್ಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಉಸಿರು ಸಾಲುತ್ತಿದೆಯಾ ನೋಡಲು ಡಾಕ್ಟರಮ್ಮ ಹೇಳಿಕೊಟ್ಟಿದ್ದ ಹಾಗೆ ಗಂಡ ಒಂದರಿಂದ ಎಣಿಸು ಅಂದ. ಒಂದೇ ಉಸಿರಿಗೆ ಒಂಬತ್ತರ ಮೇಲೆ ಹೋಗಲು ಆಗಲಿಲ್ಲ. ಅವನು ಅಂಬುಲೆನ್ಸಿಗೆ ಫೋನ್ ಮಾಡಿದ. ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಯಂತ್ರದ ಮಾಸ್ಕ್ ಹಾಕಿದರು. ಇನ್ನೊಂದು ಯಂತ್ರದ ಮೂಲಕ ರಕ್ತ ಹಾಯಿಸಿ, ಸ್ನಾಯುಗಳ ಮೇಲೆ ದಾಳಿ ಮಾಡುತ್ತಿದ್ದ ಅಂಶಗಳಿರುವ ರಕ್ತದ ನೀರಿನ ಭಾಗವನ್ನು ತೆಗೆದು ಅದರ ಬದಲು ಬೇರೆ ದ್ರವ ತುಂಬಿದರು. ದಿನ ಬಿಟ್ಟು ದಿನ, ಐದು ಸಲ. ಸೋಂಕು ಬಂದಾಗ ರೋಗನಿರೋಧಕ ಶಕ್ತಿ ಏಳಬೇಕಾದ್ದೇ, ಆದರೆ ಎದ್ದದ್ದು ಸ್ನಾಯುಗಳ ಮೇಲೂ ಬಿತ್ತು ಅಂತ ಡಾಕ್ಟರಮ್ಮ ಗಂಡನಿಗೆ ಹೇಳಿದರು.

ಅಕ್ಕ ಆಸ್ಪತ್ರೆಯ ಓಣಿಯಲ್ಲಿ ನಿಂತಿದ್ದಳು. ಈ ಸಲ ಡಾಕ್ಟರಮ್ಮನೇ ಹೊರಗೆ ಬಂದು ಅವಳ ಜೊತೆ ಕಾಲು ಗಂಟೆ ಮಾತಾಡಿದರು. ಅಕ್ಕ ಪಾಠ ಕೇಳುವ ಮಕ್ಕಳ ಹಾಗೆ ಕೈ ಕಟ್ಟಿ ಕೇಳಿದಳು. ಕೊನೆಗೆ, "ಹಾಗಾದ್ರೆ ಸೋಂಕು ನಾನು ತಂದದ್ದೇ?" ಅಂತ ಕೇಳಿದಳು. ಯಾರಿಂದ ಅಂತ ಹೇಳಲು ಬರುವುದಿಲ್ಲ ಅಂದರು ಡಾಕ್ಟರಮ್ಮ. ಅಕ್ಕ ಮನೆಗೆ ಹೋಗುವಾಗ ಬೆನ್ನು ಬಗ್ಗಿತ್ತು ಅಂತ ಗಂಡ ಆಮೇಲೆ ಹೇಳಿದ.

ಹದಿನೆಂಟನೇ ದಿನ ಮೈಕಮ್ಮ ಮನೆಗೆ ಬಂದಳು. ಮೂರು ತಿಂಗಳ ನಂತರ ಕೆಲಸಕ್ಕೂ ಹೋದಳು, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ. ಮಧ್ಯಾಹ್ನದ ಪಾಳಿಯಲ್ಲಿ ಮೇಲ್ವಿಚಾರಕರೇ ಮೈಕು ಹಿಡಿಯುತ್ತಿದ್ದರು. ಅವರ ಮಾತು ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಕುಡಿದಿದ್ದಾರೆ ಅಂತ ಯಾರೂ ದೂರು ಕೊಡಲಿಲ್ಲ ಅನ್ನುವುದು ಅವಳ ಹೊಸ ಕೋಪ.

ಅಕ್ಕ ಈಗಲೂ ದಿನಾ ಬರುತ್ತಾಳೆ. ಮಾಸ್ಕ್ ಹಾಕಿಕೊಂಡು, ಬಾಗಿಲ ಹೊರಗೆ ತಾನೇ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಒಂದು ಸಂಜೆ ತಂಗಿಯ ಮುಖ ದಿಟ್ಟಿಸಿ ನೋಡಿ ಕೇಳಿದಳು:

"ಯಾಕೆ ಹಾಗೆ ಹಲ್ಲು ಕಿರಿದು ಗುರಾಯಿಸ್ತೀಯ? ನನ್ನ ಮೇಲೆ ಇನ್ನೂ ಸಿಟ್ಟಾ?"

"ನಗ್ತಾ ಇದೀನಿ ಅಕ್ಕ. ಸಂಜೆ ಹೊತ್ತು ಕೆನ್ನೆ ಮೇಲೇಳಲ್ಲ, ನಕ್ಕರೆ ಹೀಗೇ ಕಾಣುತ್ತೆ."

"ಓ. ಹಾಗಾದ್ರೆ ಸಿಟ್ಟಿಲ್ಲ."

"ಸಿಟ್ಟೂ ಇದೆ."

ಅಕ್ಕ ಮಾಸ್ಕ್ ಸರಿಪಡಿಸಿಕೊಂಡಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಪಕ್ಕದ ಮನೆಯವರು ಗೇಟಿಗೆ ಬಳಿದ ಹೊಸ ಬಣ್ಣ ಎಷ್ಟು ಕೆಟ್ಟದಾಗಿದೆ ಅಂತ ಹೇಳಲು ಶುರುಮಾಡಿದಳು. ಮೈಕಮ್ಮ ಗಲ್ಲಕ್ಕೆ ಕೈ ಊರಿ ಕೇಳುತ್ತ ಕೂತಳು.