ಬೆಕ್ಕಿಗೆ ಹೇಳಿದ ಕಿವಿನೋವು

ಮನ್ವಿತಾ ಮಾತು ನಿಲ್ಲಿಸಿದ್ದು ಯಾವ ದಿನ ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ ಹಾಗೆ ಒಮ್ಮೆಲೇ ನಿಂತದ್ದಲ್ಲ. ಹನಿ ಹನಿಯಾಗಿ ಕಡಿಮೆಯಾದದ್ದು. ಎಲ್‌ಕೆಜಿಗೆ ಸೇರುವ ಮುಂಚೆ ಅವಳ ಬಾಯಿ ಮುಚ್ಚಿಸಬೇಕಾದರೆ ಬೆಲ್ಲದ ತುಂಡು ಕೊಡಬೇಕಿತ್ತು. ದಸರಾ ರಜೆಯ ಹೊತ್ತಿಗೆ ಅವಳು 'ಎಸ್', 'ನೋ' ಎಂಬ ಎರಡು ಮಾತಿಗೆ ಬಂದು ನಿಂತಿದ್ದಳು.

ಬಿಜೈಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಮನೆ. ತಂದೆ ಲೋಕನಾಥ ನಂತೂರಿನ ಹತ್ತಿರ ಊಟದ ಹೋಟೆಲ್ ನಡೆಸುತ್ತಾನೆ. ತಾಯಿ ಕುಶಲಾ ಬಿ.ಕಾಂ. ಓದಿದವಳು. ಕುಶಲಾಳ ತಾಯಿ ಜಲಜಕ್ಕನೂ ಅವರ ಜೊತೆಗೇ ಇದ್ದಾರೆ. ಮನ್ವಿತಾ ಅಜ್ಜಿಯನ್ನು ಕರೆಯುವುದು 'ದೊಡ್ಡ' ಎಂದು. ಮನೆಮಾತು ತುಳು.

ಜೂನ್ ತಿಂಗಳಲ್ಲಿ ಶಾಲೆಯ ಪೋಷಕರ ಸಭೆ ನಡೆಯಿತು. ಮಕ್ಕಳಿಗೆ ಬೇಗ ಇಂಗ್ಲಿಷ್ ಬರಬೇಕಾದರೆ ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಎಂದು ಅಲ್ಲಿ ಹೇಳಿದರು. ಲೋಕನಾಥ ಅದನ್ನು ದೈವದ ನುಡಿಯಂತೆ ಹಿಡಿದುಕೊಂಡ. ಅದೇ ಸಂಜೆ ಮನೆಯಲ್ಲಿ ಕಟ್ಟಳೆಯಾಯಿತು: ಮಗುವಿನ ಎದುರು ಇನ್ನು ತುಳು ಬೇಡ.

ತಾನು ಎಂತ ಮಾಡುವುದು ಎಂದು ಜಲಜಕ್ಕ ಕೇಳಿದರು. ಅವರಿಗೆ ಇಂಗ್ಲಿಷಿನ ಗಂಧ ಗಾಳಿ ಇಲ್ಲ. ನೀವು ಅವಳ ಹತ್ತಿರ ಸ್ವಲ್ಪ ಕಡಿಮೆ ಮಾತಾಡಿದರೆ ಸಾಕು ಎಂದು ಲೋಕನಾಥ ತಗ್ಗಿದ ದನಿಯಲ್ಲಿಯೇ ಹೇಳಿದ. ಅಳಿಯನ ಮಾತಿಗೆ ಎದುರಾಡುವ ಹೆಂಗಸಲ್ಲ ಅವರು. ಸ್ವಲ್ಪ ಕಡಿಮೆ ಮಾಡುವುದು ಹೇಗೆಂದೂ ಅವರಿಗೆ ತಿಳಿಯಲಿಲ್ಲ. ಪೂರ್ತಿ ನಿಲ್ಲಿಸಿಬಿಟ್ಟರು. ಮೊಮ್ಮಗಳನ್ನು ಊಟಕ್ಕೆ ಕರೆಯುವುದು ಕೈಸನ್ನೆಯಲ್ಲಿ. ಜಡೆ ಹಾಕುವಾಗ ಗಲ್ಲ ಹಿಡಿದು ಮುಖ ತಿರುಗಿಸುವುದು. ಮೊದಲೆಲ್ಲ ಆ ಜಡೆಯ ಹೊತ್ತಿನಲ್ಲಿ ಒಂದು ಕಥೆ ಮುಗಿಯುತ್ತಿತ್ತು.

ಕುಶಲಾ ಮಾತ್ರ ಕಷ್ಟಪಟ್ಟು ಇಂಗ್ಲಿಷಿನಲ್ಲಿ ಮಾತಾಡಿದಳು. ಕಮ್. ಸಿಟ್. ಈಟ್. ಡೋಂಟ್ ಟಚ್. ಕೆಲವು ವಾರ ಕಳೆದ ಮೇಲೆ ಅವಳಿಗೆ ಒಂದು ವಿಷಯ ಹೊಳೆಯಿತು. ತನ್ನ ಇಂಗ್ಲಿಷಿನಲ್ಲಿ ಅಪ್ಪಣೆಗಳು ಮಾತ್ರ ಇವೆ. ಮುದ್ದು ಮಾಡಲು ಅವಳ ಬಳಿ ಇಂಗ್ಲಿಷ್ ಇರಲಿಲ್ಲ. ಹಾಗಾಗಿ ಮುದ್ದೂ ಕಡಿಮೆಯಾಯಿತು.

ಶಾಲೆಯಿಂದ ಕರೆ ಬಂತು. ಮನ್ವಿತಾ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಹೀಗೇ ಆದರೆ ಇನ್ನೊಂದು ವರ್ಷ ಎಲ್‌ಕೆಜಿಯಲ್ಲೇ ಕೂರಿಸಬೇಕಾದೀತು ಎಂದರು. ಮನೆಗೆ ಬಂದವರು ತಮಗೆ ತೋಚಿದ್ದನ್ನು ಹೇಳಿದರು. ಒಬ್ಬರು ದೃಷ್ಟಿ ತಾಗಿದೆ ಎಂದರು. ಇನ್ನೊಬ್ಬರು ಫೋನ್ ನೋಡಿ ಹೀಗಾಗಿದೆ ಎಂದರು. ಫೋನಿನಲ್ಲಿ ಇಂಗ್ಲಿಷ್ ಹಾಡು ಇನ್ನೂ ಹೆಚ್ಚು ತೋರಿಸಿ ಎಂದವರೂ ಇದ್ದರು. ಕುಶಲಾ ಎಲ್ಲರ ಮಾತನ್ನೂ ಕೇಳಿದಳು. ಯಾರದು ಸರಿ ಎಂದು ಅವಳಿಗೆ ಗೊತ್ತಾಗಲಿಲ್ಲ. ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಗಿತ್ತು ಅವಳಿಗೆ.

ಲೋಕನಾಥನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಹಿಂದೊಮ್ಮೆ ಬಜಪೆಯ ಕಡೆ ಒಂದು ಆಫೀಸಿನ ಕ್ಯಾಂಟೀನ್ ನಡೆಸುವ ಅವಕಾಶ ಅವನ ಕೈಗೆ ಬಂದಂತೆಯೇ ಇತ್ತು. ಅಲ್ಲಿನ ಮೇಲಧಿಕಾರಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಉತ್ತರ ಗೊತ್ತಿದ್ದೂ ಲೋಕನಾಥನ ಗಂಟಲು ಕಟ್ಟಿಹೋಯಿತು. ಕೆಲಸ ಬೇರೆಯವರ ಪಾಲಾಯಿತು.

"ನನಗಾದದ್ದು ಅವಳಿಗೆ ಆಗ್ಬಾರ್ದು," ಎಂದ ಕುಶಲಾಳಿಗೆ. "ಈಗ ಮಾತಾಡುದಿಲ್ಲ, ಸರಿ. ನಾಳೆ ಶುರು ಮಾಡಿದ್ರೆ ಇಂಗ್ಲಿಷಲ್ಲೇ ಶುರು ಮಾಡ್ತಾಳೆ, ನೋಡು."

ದಸರಾ ರಜೆಯ ಒಂದು ಬೆಳಿಗ್ಗೆ ಕುಶಲಾ ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಳು. ಒಗೆಯುವ ಕಲ್ಲಿನ ಆಚೆ ಯಾರೋ ಪಿಸುಗುಡುತ್ತಿದ್ದರು. ಬಗ್ಗಿ ನೋಡಿದಳು. ಪಕ್ಕದ ಮನೆಯ ಬೆಕ್ಕು ಬಿಸಿಲಿಗೆ ಮೈ ಕಾಯಿಸುತ್ತಿತ್ತು. ಅದರ ಮುಂದೆ ಮನ್ವಿತಾ ಕುಕ್ಕರಗಾಲಿನಲ್ಲಿ ಕೂತಿದ್ದಳು.

"ಕೆಬಿ ಬೇನೆ ಆಪುಂಡು," ಎನ್ನುತ್ತಿದ್ದಳು.

ಕಿವಿ ನೋಯುತ್ತದೆ ಎಂದು, ತುಳುವಿನಲ್ಲಿ. ಆಮೇಲಿನದ್ದೂ ತುಳುವಿನಲ್ಲಿಯೇ ಬಂತು. ತುಂಬಾ ನೋಯುತ್ತದೆ, ಅಮ್ಮನಿಗೆ ಹೇಳಬೇಡ, ನನಗೆ ಇಂಗ್ಲಿಷಿನಲ್ಲಿ ಬರುವುದಿಲ್ಲ. ದೊಡ್ಡನಿಗೂ ಹೇಳಬೇಡ, ದೊಡ್ಡ ನನ್ನ ಹತ್ತಿರ ಟೂ ಬಿಟ್ಟಿದ್ದಾಳೆ.

ಕುಶಲಾ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟಿಗೆ ಹಾಕಿದಳು. ಅವಳಿಗೆ ಅಳು ಬರಲಿಲ್ಲ. ಹೋಗಿ ಮಗಳನ್ನು ಎತ್ತಿಕೊಂಡಳು.

ಮಕ್ಕಳ ಡಾಕ್ಟರು ಕಿವಿಯೊಳಗೆ ದೀಪ ಹಿಡಿದು ನೋಡಿದರು. ಒಳಗೆ ಬಾತಿದೆ, ನೋವು ಶುರುವಾಗಿ ಸುಮಾರು ದಿನ ಆಗಿರಬೇಕು, ಮಗು ಹೇಳಲಿಲ್ಲವಾ ಎಂದು ಕೇಳಿದರು. ಸರಿಯಾಗಿ ಔಷಧಿ ಕೊಟ್ಟರೆ ಗುಣವಾಗುತ್ತದೆ, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರು.

ಮನೆಯ ಗೇಟಿನಲ್ಲಿ ರೊಸಾಲಿನ್ ಟೀಚರ್ ಸಿಕ್ಕಿದರು. ಅದೇ ಮನೆಯ ಮಹಡಿಯಲ್ಲಿ ಇರುವವರು. ಸಣ್ಣ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತ ತಲೆಕೂದಲು ಹಣ್ಣಾಗಿದೆ. ಈಗ ನರ್ಸರಿ ಟೀಚರುಗಳಿಗೆ ತರಬೇತಿ ಕೊಡುತ್ತಾರೆ. ಕುಶಲಾ ಮೆಟ್ಟಿಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು.

"ಹೊಸ ಭಾಷೆ ಕಲಿಯುವ ಮಗು ಮೊದಲು ಬರೀ ಕೇಳ್ತದೆ," ಎಂದರು ರೊಸಾಲಿನ್ ಟೀಚರ್. "ತಿಂಗಳುಗಟ್ಟಲೆ ಸುಮ್ಮನೆ ಇರ್ತದೆ. ಶಾಲೆಯಲ್ಲಿ ಸುಮ್ಮನಿದ್ರೆ ನಾನು ಹೆದರುದಿಲ್ಲ. ಆದ್ರೆ ಇವಳು ಮನೆಯಲ್ಲೂ ಸುಮ್ಮನಾಗಿದ್ದಾಳಲ್ಲ, ಅದು ಬೇರೆ."

"ಹಾಗಾದ್ರೆ ಇಂಗ್ಲಿಷ್ ಬಿಡುದಾ ಟೀಚರ್?"

"ಬಿಡುದು ಯಾಕೆ ಮಾರಾಯ್ತಿ? ನಾನು ಉಂಡದ್ದೇ ಆ ಭಾಷೆಯ ಅನ್ನ." ಅವರು ನಕ್ಕರು. "ಸ್ಟೇಟ್‌ಬ್ಯಾಂಕ್ ಸ್ಟಾಪಿಗೆ ಹೋಗುವ ಸಿಟಿ ಬಸ್ಸಿನ ಕಂಡಕ್ಟರ್ ಯಾವತ್ತಾದ್ರೂ ಜಾಗ ಇಲ್ಲ ಅಂದದ್ದು ಕೇಳಿದ್ದೀಯಾ? ಒಳಗೆ ಹೋಗಿ, ಒಳಗೆ ಹೋಗಿ ಅಂತ ಹತ್ತಿಸ್ತಾನೇ ಇರ್ತಾನೆ. ಮಕ್ಕಳ ತಲೆಯೂ ಹಾಗೆಯೇ. ಇಂಗ್ಲಿಷ್ ಹತ್ತಬೇಕಾದ್ರೆ ತುಳು ಇಳಿಯಬೇಕೂಂತ ಇಲ್ಲ."

ಕುಶಲಾಳಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಶಾಲೆಯವರು ಓದಿದವರು, ಟೀಚರೂ ಓದಿದವರು, ಯಾರನ್ನು ನಂಬುವುದು? ಗಂಡ ಒಪ್ಪುವುದಿಲ್ಲ ಎಂದಳು. ಭಾನುವಾರ ತಾನೇ ಬರುತ್ತೇನೆ ಎಂದರು ಟೀಚರ್.

ಭಾನುವಾರ ಲೋಕನಾಥನ ಹೋಟೆಲಿಗೆ ರಜೆ. ಕಿವಿಯ ವಿಷಯ ಕೇಳಿದಂದಿನಿಂದ ಅವನ ಮುಖ ಸಣ್ಣದಾಗಿತ್ತು. ಆದರೂ ಹಟ ಬಿಟ್ಟಿರಲಿಲ್ಲ. ಕ್ಯಾಂಟೀನಿನ ಮಾತುಕತೆಯಲ್ಲಿ ಗಂಟಲು ಕಟ್ಟಿದ್ದನ್ನು ಹೇಳಿ, ತುಳು ಮಾತಾಡಿಕೊಂಡು ಬೆಳೆದದ್ದಕ್ಕೇ ತನಗೆ ಈ ಗತಿ ಬಂತು ಎಂದು ಟೀಚರ್ ಎದುರೂ ವಾದಿಸಿದ.

"ಶಾಲೆಯಲ್ಲಿ ಇಂಗ್ಲಿಷ್ ತಪ್ಪಿದ್ರೆ ನಿಮಗೆ ಎಂತ ಸಿಗ್ತಿತ್ತು?" ಎಂದು ಟೀಚರ್ ಕೇಳಿದರು.

"ಬೆತ್ತ," ಎಂದ.

"ಗಂಟಲು ಕಟ್ಟಿದ್ದು ತುಳುವಿನಿಂದ ಅಲ್ಲ ಲೋಕನಾಥ, ಆ ಹೆದರಿಕೆಯಿಂದ. ಈಗ ನೀವು ಅವಳಿಗೆ ಅದನ್ನೇ ಕೊಡ್ತಾ ಇದ್ದೀರಿ. ಬೆತ್ತ ಇಲ್ಲ, ಅಷ್ಟೇ."

ಲೋಕನಾಥ ಕಿಟಕಿಯ ಕಡೆ ನೋಡಿದ. ತನಗೆ ಒಂದೂ ಅರ್ಥವಾಗುವುದಿಲ್ಲ ಎಂದ.

ಟೀಚರ್ ವಾದ ಬೆಳೆಸಲಿಲ್ಲ. ಅಡುಗೆಮನೆಯಿಂದ ಒಂದು ತೆಂಗಿನಕಾಯಿ, ಒಂದು ಸೌಟು, ಒಂದು ಲಿಂಬೆಹಣ್ಣು ತರಿಸಿ ಚಾಪೆಯ ಮೇಲೆ ಇಟ್ಟು ಕೂತರು. ಮನ್ವಿತಾ ದೂರದಲ್ಲಿ ನಿಂತಿದ್ದಳು.

"ವೇರ್ ಈಸ್ ದ ಲೆಮನ್?" ಎಂದರು ಟೀಚರ್. ಮನ್ವಿತಾ ಬೆರಳು ತೋರಿಸಿದಳು. ಬಾಯಿ ತೆರೆದು ಹೇಳು ಎಂದು ಟೀಚರ್ ಒತ್ತಾಯಿಸಲಿಲ್ಲ. ತೋರಿಸಿದರೆ ಸಾಕಿತ್ತು. ಆಮೇಲೆ ಲಿಂಬೆಹಣ್ಣನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು, ಕಾಣದವರ ಹಾಗೆ ಚಾಪೆಯೆಲ್ಲ ತಡಕಿದರು. ಮನ್ವಿತಾ ಹತ್ತಿರ ಬಂದು ಕೂತಳು.

ಟೀಚರ್ ಜಲಜಕ್ಕನನ್ನೂ ಆಟಕ್ಕೆ ಕರೆದರು. ಅವರು ಸೆರಗಿನಲ್ಲಿ ಕೈ ಒರೆಸುತ್ತ ಬಂದು ಕೂತರು. ಲೆಮನ್ ಕೊಡಿ ಎಂದಾಗ ಸ್ವಲ್ಪ ಯೋಚಿಸಿ ತೆಂಗಿನಕಾಯಿ ಎತ್ತಿ ಕೊಟ್ಟರು.

"ದೊಡ್ಡ, ಅವು ಅತ್ತ್," ಎಂದಳು ಮನ್ವಿತಾ. ಅದಲ್ಲ ಎಂದು. ಲಿಂಬೆಹಣ್ಣನ್ನು ಅಜ್ಜಿಯ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದಳು. "ದಿಸ್ ಲೆಮನ್."

ಅರ್ಧ ತುಳು, ಅರ್ಧ ಇಂಗ್ಲಿಷ್. ಎಷ್ಟೋ ತಿಂಗಳ ನಂತರ ಆ ಮನೆಯಲ್ಲಿ ಕೇಳಿದ ಅವಳ ಮೊದಲ ಪೂರ್ತಿ ಮಾತು. ಲೋಕನಾಥ ಅದನ್ನು ತಿದ್ದಲು ಬಾಯಿ ತೆರೆದ. ಕುಶಲಾ ಅವನ ಕೈ ಒತ್ತಿ ಹಿಡಿದಳು. ಅವನು ಬಾಯಿ ಮುಚ್ಚಿದ.

ಜಲಜಕ್ಕ ಲಿಂಬೆಹಣ್ಣು ಹಿಡಿದುಕೊಂಡು ಅಳಿಯನ ಮುಖ ನೋಡುತ್ತಿದ್ದರು. ಕಟ್ಟಳೆ ಅವನದ್ದು. ಅವನೇ ಬಿಡಿಸಬೇಕಿತ್ತು.

"ಮಾತಾಡಿ ಅವಳ ಹತ್ತಿರ," ಎಂದ ಲೋಕನಾಥ, ತುಳುವಿನಲ್ಲಿ. "ಮೊದಲಿನ ಹಾಗೆ."

ಈಗ ಶಾಲೆ ಬಿಟ್ಟು ಬಂದ ಮೇಲೆ ಸ್ವಲ್ಪ ಹೊತ್ತು ಚಾಪೆಯ ಮೇಲೆ ಇಂಗ್ಲಿಷ್ ಆಟ ನಡೆಯುತ್ತದೆ. ಜಡೆಯ ಹೊತ್ತು ದೊಡ್ಡನದ್ದು. ಕುಶಲಾ ಶಾಲೆಯ ಟೀಚರನ್ನು ಕಂಡು ನಡೆದದ್ದನ್ನು ಹೇಳಿ ಬಂದಿದ್ದಾಳೆ. ಅವರು ಇನ್ನೂ ಪೂರ್ತಿ ಒಪ್ಪಿಲ್ಲ, ಮಗುವಿಗೆ ಸಮಯ ಕೊಡುತ್ತೇವೆ ಎಂದಿದ್ದಾರೆ. ಮನ್ವಿತಾ ತರಗತಿಯಲ್ಲಿ ಯಾವಾಗ ಮಾತಾಡುತ್ತಾಳೋ ಕುಶಲಾಳಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಕಾಯುವುದನ್ನು ಅವಳು ಕಲಿಯುತ್ತಿದ್ದಾಳೆ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗು ಇಂಗ್ಲಿಷ್ ಕಲಿಯಲಿ. ಹಾಡಿನಲ್ಲಿ, ಆಟದಲ್ಲಿ, ಚಿತ್ರದ ಪುಸ್ತಕದಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪ ಕಲಿಯಲಿ. ಎರಡು ಭಾಷೆ ಬೆರೆಸಿ ಮಾತಾಡಿದರೆ ನಗಬೇಡಿ, ನಡುವೆ ತಡೆದು ತಿದ್ದಬೇಡಿ. ಸುಮ್ಮನಿದ್ದರೆ ಹೆದರಿಸಬೇಡಿ, ಅದು ಕೇಳಿಸಿಕೊಳ್ಳುತ್ತಿದೆ. ಆದರೆ ನಿಮ್ಮ ಮನೆಯ ಮಾತು ತುಳುವಿರಲಿ, ಕೊಂಕಣಿಯಿರಲಿ, ಬ್ಯಾರಿಯಿರಲಿ, ಕನ್ನಡವಿರಲಿ, ಅದನ್ನು ಮಗುವಿನ ಬಾಯಿಂದ ಕಿತ್ತುಕೊಳ್ಳಬೇಡಿ. ನೋವಾದಾಗ ಮಗು ಕೂಗುವುದು ಆ ಭಾಷೆಯಲ್ಲಿ. ಆ ಕೂಗು ಮೊದಲು ನಿಮಗೆ ಕೇಳಬೇಕು, ಬೆಕ್ಕಿಗಲ್ಲ.

ಅಂದಹಾಗೆ, ಆ ಭಾನುವಾರ ಜಲಜಕ್ಕ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಕೇಳಿದ್ದು ಒಂದೇ ಮಾತು, ಕಿವಿ ಈಗ ಹೇಗುಂಟು ಮಗಾ ಎಂದು. ಮನ್ವಿತಾಳ ಉತ್ತರ ಮಾತ್ರ ಮಧ್ಯಾಹ್ನದ ಊಟದವರೆಗೂ ಮುಗಿಯಲಿಲ್ಲ.