ಬರಿಗೊರಳಿನ ಅಳಿಯ

ಮೊಳಕಾಲ್ಮೂರಿನಲ್ಲಿ ಮಧ್ಯಾಹ್ನವೆಂದರೆ ಅರೆನಿದ್ದೆಯ ಹೊತ್ತು. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆಯೊಳಗಿಂದಲೇ ಬರುತ್ತಿದೆಯೇನೋ ಎನಿಸುತ್ತಿತ್ತು. ಬಾಣಂತಿ ಗಂಗಾಂಬಿಕಾ ತವರಿನ ಮಂಚದಲ್ಲಿ ಮಂಪರಿನಲ್ಲಿ ತೇಲುತ್ತ ಮಲಗಿದ್ದಳು. ಪಕ್ಕದಲ್ಲಿ ಮಗ ಕನಸಿನಲ್ಲೇ ತುಟಿ ಚೀಪುತ್ತಿದ್ದ. ನಾಳೆ ಐನೋರು ಬಂದು ಕೂಸಿಗೆ ಲಿಂಗ ಕಟ್ಟಬೇಕಿತ್ತು.

ಚಳ್ಳಕೆರೆಯಿಂದ ಬಸ್ಸಿಳಿದು ಬಂದ ಗಂಡ ಸಂಗಮೇಶ್ ಅಂಗಿ ಬಿಚ್ಚಿ ಮುಖ ತೊಳೆಯುವಾಗ ಎಲ್ಲ ಕೆಟ್ಟಿತು. ಅವನ ಬರಿಗೊರಳು ಅವಳ ಅಪ್ಪ ಮುರುಗೇಂದ್ರಪ್ಪನವರ ಕಣ್ಣಿಗೆ ಬಿತ್ತು. ಲಿಂಗವೆಲ್ಲಿ ಎಂದರು. ತಾನು ನಾಸ್ತಿಕ, ಮಗುವಿಗೂ ಕಟ್ಟುವುದು ಬೇಡ ಎಂದು ಅಳಿಯ ಕಡ್ಡಿ ಮುರಿದಂತೆ ಹೇಳಿಬಿಟ್ಟ. ಲಿಂಗವಿಲ್ಲದವನಿಗೆ ತಮ್ಮ ಪಂಕ್ತಿಯಲ್ಲಿ ಎಲೆಯಿಲ್ಲ, ಮಗಳೂ ಮೊಮ್ಮಗನೂ ಇನ್ನು ಇಲ್ಲೇ ಇರುತ್ತಾರೆ ಎಂದರು ಮಾವ. ಆಡಿದ್ದೆಲ್ಲ ದೊಡ್ಡ ದೊಡ್ಡ ಮಾತುಗಳೇ. ಒಂದರ ಅರ್ಥವನ್ನಾದರೂ ಕೇಳುವ ವ್ಯವಧಾನ ಆ ಇಬ್ಬರು ಮಹಾನುಭಾವರಿಗೂ ಇರಲಿಲ್ಲ.

ಗಂಗಾಂಬಿಕಾ ತಲೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದಳು. ಸಂಗಮೇಶ್ ಬೇವಿನ ನೆರಳಲ್ಲಿ ಕಟ್ಟೆಯ ಮೇಲೆ ಕೂತಿದ್ದ. ಬೀದಿಯುದ್ದಕ್ಕೂ ಯಾರೋ ಮಗ್ಗಕ್ಕೆಂದು ನೂಲು ಹಾಸಿದ್ದರು. ರೇಷ್ಮೆಯ ಎಳೆಗಳು ಬಿಸಿಲಲ್ಲಿ ಕಂಡೂ ಕಾಣದಂತೆ ಮಿನುಗುತ್ತಿದ್ದವು. ಅವಳಿಗೆ ಭಯವಾಗಿತ್ತು. ತವರೂ ಬೇಕು, ಇವನೂ ಬೇಕು.

"ದೇವರಿಲ್ಲ ಅಂತ ನಿಮಗೆ ಗೊತ್ತೈತಾ? ಇಲ್ಲಾ, ಐತೋ ಇಲ್ವೋ ಗೊತ್ತಾಗ್ತಿಲ್ವಾ? ಅವನ ಮ್ಯಾಲೆ ಸಿಟ್ಟೈತಾ? ಮೂರೂ ಬ್ಯಾರೆ ಬ್ಯಾರೆ ಕಣ್ರೀ."

ಗೊತ್ತಾಗುತ್ತಿಲ್ಲ ಎಂದ ಅವನು. ಹಾಗಾದರೆ ಅದು ಸಂಶಯ, ನಾಸ್ತಿಕ ಎಂದೇಕೆ ಹೇಳಿಕೊಳ್ಳುವುದು ಎಂದಳು. ಅವನೂ ಬಿಡಲಿಲ್ಲ, ನಿನ್ನ ಭಕ್ತಿ ಎಂದರೇನು ಎಂದು ಕೇಳಿದ. ಅಂಗೈಯ ಲಿಂಗ ನೋಡುತ್ತ ಕೂತರೆ ಮನಸ್ಸು ತಣ್ಣಗಾಗುತ್ತದೆ ಎಂದಳು. ಅದು ಭಕ್ತಿಯೋ ರೂಢಿಯೋ ತನಗೂ ತಿಳಿಯದು ಎಂದು ಒಪ್ಪಿಕೊಂಡಳು. ಅಷ್ಟಕ್ಕೇ ಇಬ್ಬರ ಬಿಗಿ ಸಡಿಲಾಯಿತು. ನಂಬಿಕೆ ಹೋಯಿತು, ತೆಗೆದೆ ಎಂದು ವರ್ಷದಿಂದ ಅವಳಿಗೂ ಹೇಳುತ್ತ ಬಂದಿದ್ದ. ನಿಜವಾಗಿ ಲಿಂಗ ಎಲ್ಲಿದೆ ಎಂದು ಈಗ ಕೇಳಿದಳು.

ಅವನು ಎಳೆಗಳನ್ನೇ ನೋಡುತ್ತ ಹೇಳಿದ. ಹೋದ ವರ್ಷ ತಾಯಿ ವೀರಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಗಡಿಬಿಡಿಯಲ್ಲಿ ಆಕೆಯ ಲಿಂಗ ಕಳೆದುಹೋಗಿತ್ತು. ಕೂರಿಸಿ ಮಣ್ಣು ಮಾಡುವಾಗ ಎಡಗೈಯಲ್ಲಿ ಲಿಂಗವಿರಲೇಬೇಕು. ಒಬ್ಬರದು ಇನ್ನೊಬ್ಬರಿಗೆ ಸಲ್ಲದೆಂದು ಗೊತ್ತಿದ್ದೂ, ಯಾರಿಗೂ ಕಾಣದಂತೆ ತನ್ನದನ್ನೇ ಬಿಚ್ಚಿ ಇಟ್ಟಿದ್ದ. ಹೊಸದು ಕೇಳಿದರೆ ಹಳೆಯದೆಲ್ಲಿ ಎನ್ನುತ್ತಾರೆ, ನಿಜ ತಿಳಿದರೆ ಅವ್ವನ ಸಂಸ್ಕಾರವೇ ಕೆಟ್ಟಿತೆನ್ನುತ್ತಾರೆಂದು ನಾಸ್ತಿಕನೆಂದು ಹೇಳಿಕೊಂಡು ಬಂದಿದ್ದ.

"ದೇವರು ಐತೋ ಇಲ್ವೋ ಗೊತ್ತಿಲ್ಲದೋರು ಯಾಕೆ ಇಟ್ರಿ?"

"ಅವ್ವಗೆ ಗೊತ್ತಿತ್ತಲ್ಲ."

ಗಂಗಾಂಬಿಕಾಳಿಗೆ ಅಳು ಉಕ್ಕಿತು. ಮಗುವಿಗೆ ಕಟ್ಟಿಸು, ನಂಬಿಕೆ ಇದೆಯೋ ಇಲ್ಲವೋ ಬೆಳೆದ ಮೇಲೆ ಅದೇ ಹೇಳಲಿ ಎಂದ. ಅಪ್ಪನಿಗೆ ಹೇಳಲೇ ಎಂದು ಕಣ್ಣಲ್ಲೇ ಕೇಳಿದಳು. ಅವನು ಹೂಂ ಎಂದು ತಲೆಯಾಡಿಸಿದ.

ಮುರುಗೇಂದ್ರಪ್ಪ ಮಗಳ ಬಾಯಿಂದ ಎಲ್ಲವನ್ನೂ ಪೂರ್ತಿ ಕೇಳಿದರು. ಬೀಗತಿ ವೀರಮ್ಮನ ಮಣ್ಣಿಗೆ ಅವರೂ ಹೋಗಿದ್ದರು. ಆ ಅಂಗೈಯ ಲಿಂಗಕ್ಕೆ ವಿಭೂತಿ ಹಚ್ಚಿ ಕೈ ಮುಗಿದಿದ್ದರು. ಮಗ್ಗದ ಸದ್ದು ನಿಂತು ಮತ್ತೆ ಶುರುವಾಯಿತು. ಅವರು ಎದ್ದು, ತಮ್ಮ ಎಲೆಯ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿ, ಬಾಗಿಲಿಗೆ ಹೋದರು.

"ಒಳಗೆ ಬಾರಪ್ಪ, ಉಣ್ಣಾನ."