ಟ್ರಂಕಿನ ಹಿಂದಿನ ಹಳದಿ

ದಸ್ತಗೀರ್ ಸಾಬರು ಸುಣ್ಣಕ್ಕೆ ಹಳದಿ ಪುಡಿ ಬೆರೆಸಿ ಗೋಡೆಯ ಮೇಲೆ ಎರಡು ಪಟ್ಟೆ ಬಳಿದರು. ಒಂದು ಬೆಣ್ಣೆಯಂತೆ ತೆಳು. ಇನ್ನೊಂದು ಚೆಂಡುಹೂವಿನಷ್ಟು ಗಾಢ.

"ತೆಳುವೇ ಇರ್ಲಿ," ಎಂದಳು ತುಂಬು ಬಸುರಿಯಾಗಿದ್ದ ನನ್ನ ಹೆಂಡತಿ ಜಗದಾಂಬಾ. "ಕಿಟಕಿ ಮುಚ್ಚಿದ್ರೂ ಬೆಳಕಿದ್ದಂಗಿರುತ್ತೆ."

"ಅದು ಬರೀ ಸುಣ್ಣದ ಥರ ಕಾಣುತ್ತೆ. ಗಾಢದ್ದೇ ಹಾಕಿ ಸಾಬರೇ," ಎಂದೆ.

ದಸ್ತಗೀರ್ ನಕ್ಕರು. "ಗೋಡೆ ನೋಡ್ತಾ ಮಲಗೋರು ಅಮ್ಮಾವ್ರು. ಬಣ್ಣ ಆರಿಸೋರು ಸಾಹೇಬ್ರು!"

ಅವಳು ನಗಲಿಲ್ಲ. ಅವಳ ತೆಳು ಪಟ್ಟೆಯಿದ್ದ ಮೂಲೆಗೆ ಬರುವಷ್ಟರಲ್ಲಿ ಗಾಢ ಬಣ್ಣ ಮುಗಿಯಿತು. ಅಲ್ಲಿಗೆ ಟ್ರಂಕು ಸರಿಸಿಟ್ಟೆವು.

ಅವಳಿಗೆ ತವರಿರಲಿಲ್ಲ. ೧೯೬೧ರ ಮಾರ್ಚಿನಲ್ಲಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಆ ಕೋಣೆಯಲ್ಲೇ ಹೆಣ್ಣು ಮಗು ಹುಟ್ಟಿತು. ಶಿವಮೊಗ್ಗದಿಂದ ಬಂದಿದ್ದ ನನ್ನ ಅವ್ವ ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಸಂದುಗಳಿಗೆ ಬಟ್ಟೆ ತುರುಕಿದಳು. ಹೆಸರಿಡುವವರೆಗೆ ಕೂಸು ಹೊಸ್ತಿಲು ದಾಟುವಂತಿಲ್ಲ. ಹಗಲಿಗೂ ಒಂದೇ ಬಲ್ಬು.

ಮೂರನೆಯ ದಿನ ಜಗದಾಂಬಾ ಅಂದಳು, "ಮಗು ಹಳದಿ ಕಾಣ್ತಿದೆ ಕಣ್ರೀ."

"ಗೋಡೆ ಬಣ್ಣ ಮಾರಾಯ್ತಿ. ನಿನ್ನ ಕೈ ನೋಡ್ಕೋ, ನೀನೂ ಹಳದಿಯೇ."

ಅವಳು ಕೈ ನೋಡಿಕೊಂಡಳು. ಹಳದಿಯೇ ಇತ್ತು.

ನಾನು ಬಿ.ಎಸ್ಸಿ. ಓದಿದವನು. ಕಾರ್ಖಾನೆಯ ಲ್ಯಾಬಿನಲ್ಲಿ ದ್ರಾವಣಗಳ ಬಣ್ಣ ತಿರುಗುವುದನ್ನು ನೋಡುವುದೇ ನನ್ನ ಕೆಲಸ. ಗಾಜಿನ ಪಾತ್ರೆಯ ಕೆಳಗೆ ಬಿಳಿ ಪಿಂಗಾಣಿ ಬಿಲ್ಲೆ ಇಟ್ಟು ನೋಡುತ್ತೇವೆ. ಇಲ್ಲದಿದ್ದರೆ ಕಣ್ಣು ಮೋಸಹೋಗುತ್ತದೆ. ಮನೆಯಲ್ಲಿ ಅದು ನೆನಪಾಗಲಿಲ್ಲ.

ಆರನೆಯ ದಿನ ಮಗು ಹಾಲು ಬಿಟ್ಟಿತು. ಅಳುವುದನ್ನೂ ಬಿಟ್ಟಿತು.

"ಎಷ್ಟು ಸಾಧು ಕೂಸು," ಎಂದಳು ಅವ್ವ.

ಜಗದಾಂಬಾ ಎದ್ದು, ಅವ್ವ ಕೂಗುತ್ತಿದ್ದಂತೆಯೇ ಮಗುವನ್ನೆತ್ತಿಕೊಂಡು ಅಂಗಳಕ್ಕೆ ನಡೆದಳು. ಅದನ್ನು ನನ್ನ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿದ್ದರು. ಬಿಸಿಲಿಗೆ ಪಂಚೆ ಬೆಳ್ಳಗೆ ಹೊಳೆಯಿತು. ಮಗುವಿನ ಕಣ್ಣಿನ ಬಿಳಿಯೂ ಹಳದಿಯಾಗಿತ್ತು.

ಆಸ್ಪತ್ರೆಗೆ ಓಡಿದೆವು. ಡಾಕ್ಟರು ರೆಪ್ಪೆ ಎತ್ತಿ ನೋಡಿ, "ಕಾಮಾಲೆ. ಯಾವತ್ತಿನಿಂದ?" ಎಂದರು. ಜಗದಾಂಬಾ ನನ್ನ ಮುಖ ನೋಡಿದಳು. ಮೂರನೆಯ ದಿನದಿಂದ ಎಂದು ನಾನೇ ಹೇಳಿದೆ. ಸಂಜೆಯ ಹೊತ್ತಿಗೆ ಮಗು ಹೋಯಿತು.

ತಿಂಗಳ ಮೇಲೆ ದಸ್ತಗೀರ್ ಸಾಬರನ್ನು ಕರೆಸಿ, ಪೂರಾ ಬಿಳಿ ಸುಣ್ಣ ಹೊಡೆಯಲು ಹೇಳಿದೆ. ಅವರು ಟ್ರಂಕು ಸರಿಸಿದರು. ತೆಳು ಹಳದಿ ಪಟ್ಟೆ ಹಾಗೇ ಇತ್ತು. ಜಗದಾಂಬಾ ಬಂದು ಅಂಗೈಯನ್ನು ಅದರ ಪಕ್ಕ ಹಿಡಿದಳು. ಅಲ್ಲಿ ಕೈ ಹಳದಿಯಾಗಲಿಲ್ಲ, ಕೈಯ ಬಣ್ಣದಲ್ಲೇ ಕಂಡಿತು. ತುಂಬ ಹೊತ್ತು ಹಿಡಿದೇ ಇದ್ದಳು.

"ಇಷ್ಟು ಬಿಟ್ಬಿಡಿ ಸಾಬರೇ," ಎಂದಳು.

ದಸ್ತಗೀರ್ ಕುಂಚ ಹಿಡಿದು ನನ್ನತ್ತ ನೋಡಿದರು. ನಾನು ಟ್ರಂಕನ್ನು ಇನ್ನೊಂದು ಗೋಡೆಗೆ ಎಳೆದಿಟ್ಟೆ.